ಮಷಿನ್ ಹೋದ ಮೇಲೆ ಮಡಿಯಲ್ಲಿ ಉಳಿದದ್ದು

ನವೆಂಬರ್ ಕೊನೆಯ ವಾರ ಕಾರಟಗಿಯಿಂದ ಸಿಂಧನೂರಿಗೆ ಹೋಗುವ ರಸ್ತೆಯಲ್ಲಿ ಗಾಡಿ ಓಡಿಸುವುದು ಕಷ್ಟ. ಅರ್ಧ ರಸ್ತೆಯ ಮೇಲೆ ಭತ್ತ ಒಣಹಾಕಿರುತ್ತಾರೆ. ಉಳಿದರ್ಧದಲ್ಲಿ ಕಟಾವು ಮಷಿನ್ ಹೊತ್ತ ಲಾರಿಗಳು ಒಂದರ ಹಿಂದೊಂದು ಬರುತ್ತಿರುತ್ತವೆ. ನಂಬರ್ ಪ್ಲೇಟ್ ನೋಡಿದರೆ ಕೆಲವು ತಮಿಳುನಾಡಿನವು, ಕೆಲವು ಆಂಧ್ರ, ತೆಲಂಗಾಣದವು, ನಡುನಡುವೆ ಪಂಜಾಬಿನ ದೊಡ್ಡ ಟೈರ್ ಮಷಿನ್‌ಗಳು. ತುಂಗಭದ್ರೆಯ ಎಡದಂಡೆ ಕಾಲುವೆಯ ಕೆಳಗೆ ಒಂದೇ ಹೊತ್ತಿಗೆ ನಾಟಿಯಾದ ಭತ್ತ ಒಂದೇ ಹೊತ್ತಿಗೆ ಬಲಿಯುತ್ತದೆ. ಎಲ್ಲರಿಗೂ ಮಷಿನ್ ಇವತ್ತೇ ಬೇಕು. ಆಕಾಶದಲ್ಲಿ ಒಂದು ಕಪ್ಪು ಮೋಡ ಕಂಡರಂತೂ ಈಗಲೇ ಬೇಕು.

ಆ ಹದಿನೈದು ಇಪ್ಪತ್ತು ದಿನ ಚಹಾದಂಗಡಿಗಳಲ್ಲಿ ಮಾತೆಲ್ಲ ಬಾಡಿಗೆಯದೇ. ಜಿಲ್ಲಾಡಳಿತ ಗಂಟೆಗೆ ಇಷ್ಟೇ ತೆಗೆದುಕೊಳ್ಳಬೇಕು ಎಂದು ದರ ನಿಗದಿ ಮಾಡುತ್ತದೆ. ಅದು ಪತ್ರಿಕೆಯಲ್ಲಿ ಬರುತ್ತದೆ. ಅದಕ್ಕಿಂತ ಹೆಚ್ಚು ಕೇಳಿದರು ಎಂಬ ದೂರೂ ಮರುದಿನ ಬರುತ್ತದೆ. ಗಂಟೆಗೆ ಎಷ್ಟು ಬಾಡಿಗೆ, ಗಂಟೆಗೆ ಎಷ್ಟು ಎಕರೆ, ಈ ಎರಡನ್ನು ಬಿಟ್ಟರೆ ಮಷಿನ್ ಬಗ್ಗೆ ರೈತರು ಬೇರೇನನ್ನೂ ಕೇಳುವುದನ್ನು ನಾನು ಕಂಡಿದ್ದು ಕಡಿಮೆ. ಕೊಯ್ದ ಎಕರೆಗೆ ಎಷ್ಟು ಕಾಳು ನೆಲದ ಪಾಲಾಯಿತು ಎಂದು ಕೇಳಿದವರನ್ನು ಕಂಡಿದ್ದು ಇನ್ನೂ ಕಡಿಮೆ. ಮಷಿನ್ ಒಳ್ಳೆಯದೋ ಅಲ್ಲವೋ ಎಂಬುದು ತೀರ್ಮಾನವಾಗುವುದೇ ಆ ಪ್ರಶ್ನೆಯಿಂದ ಎಂದು ನಾನು ನಂಬಿದ್ದೇನೆ.

ನಮ್ಮ ಕಾಕಾನ ಮಡಿಯಲ್ಲಿ ಒಂದು ಸಂಜೆ ನಡೆದದ್ದನ್ನು ಹೇಳುತ್ತೇನೆ. ರಬ್ಬರ್ ಪಟ್ಟಿಯ ಮೇಲೆ ನಡೆಯುವ ಚೈನ್ ಮಷಿನ್ ಮೂರನೇ ಸುತ್ತು ಮುಗಿಸಿ ಟ್ರ್ಯಾಲಿಗೆ ಭತ್ತ ಸುರಿಯುತ್ತಿತ್ತು. ಮನೆಯವರು, ಪಕ್ಕದ ಹೊಲದವರು, ಟ್ರ್ಯಾಕ್ಟರ್ ಹುಡುಗ, ಎಲ್ಲರ ಕಣ್ಣೂ ಆ ಕೊಳವೆಯಿಂದ ಬೀಳುವ ಧಾರೆಯ ಮೇಲೆ. ನಾನು ಒಂದು ಅಡಿ ಉದ್ದ, ಒಂದು ಅಡಿ ಅಗಲಕ್ಕೆ ಬಗ್ಗಿಸಿದ್ದ ದಪ್ಪ ತಂತಿಯ ಚೌಕಟ್ಟು ಹಿಡಿದು ಮಷಿನ್ ಆಗಷ್ಟೇ ಹಾದುಹೋದ ಜಾಗಕ್ಕೆ ಹೋಗಿ ಮಂಡಿಯೂರಿದೆ. ಮೇಲಿನ ಹುಲ್ಲನ್ನು ಮೆಲ್ಲಗೆ ಎತ್ತಿ ಕೊಡವಿದೆ. ಹೊಟ್ಟನ್ನು ಊದಿದೆ. ಕೆಳಗೆ ಹಸಿ ಎರೆಮಣ್ಣಿಗೆ ಅಂಟಿಕೊಂಡ ಕಾಳುಗಳು ಒಂದೊಂದಾಗಿ ಕಾಣತೊಡಗಿದವು. ನಿಂತು ನೋಡಿದಾಗ ಅಲ್ಲಿ ಬರೀ ಹುಲ್ಲು ಕಂಡಿತ್ತು.

"ಏನೋ ತಮ್ಮಾ, ಕಾಳು ಎಣಸಾಕ ಕುಂತಿ? ಹಕ್ಕಿಗೂ ಒಂದೀಟು ಇರಲಿ ಬಿಡು" ಅಂದರು ಕಾಕಾ.

"ಹಕ್ಕಿ ತಿಂದರ ಚಿಂತಿಲ್ಲ ಕಾಕಾ. ಎಷ್ಟು ಹಕ್ಕಿಗೆ ಸಾಕಾಗತೈತಿ ಅಂತ ಒಮ್ಮಿ ಬಂದು ನೋಡ್ರಿ."

ಅವರು ಬಂದರು, ಪಂಚೆ ಎತ್ತಿ ಕಟ್ಟಿ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತರು. ನನ್ನ ಎಣಿಕೆ ನಲವತ್ತು ದಾಟಿದ ಮೇಲೆ ಅವರೇ ಗಟ್ಟಿಯಾಗಿ ಎಣಿಸತೊಡಗಿದರು.

ಎಣಿಸುವ ಮೊದಲು ಆ ಮಷಿನ್ ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂಬುದು ಗೊತ್ತಿರಬೇಕು. ನಮ್ಮ ಅಜ್ಜಂದಿರು ಕುಡುಗೋಲಿನಿಂದ ಕೊಯ್ದು, ಕಣಕ್ಕೆ ಹೊತ್ತು, ಬಡಿದು ಅಥವಾ ಎತ್ತು ತುಳಿಸಿ, ಗಾಳಿ ಬಂದಾಗ ತೂರಿ, ರಾಶಿ ಮಾಡುತ್ತಿದ್ದರಲ್ಲ, ಆ ಇಡೀ ಸರಣಿಯೇ ಒಂದು ಗಾಡಿಯ ಮೇಲೆ ಕೂತಿದೆ. ಅಮೆರಿಕದ ಮಿಷಿಗನ್‌ನಲ್ಲಿ ಹೈರಂ ಮೂರ್ ಎಂಬಾತ ಇಂಥದ್ದೊಂದು ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1836ರಲ್ಲಿ. ಆಗ ಅದನ್ನು ಎಳೆಯಲು ಕುದುರೆಗಳ ಒಂದು ದೊಡ್ಡ ಹಿಂಡೇ ಬೇಕಿತ್ತು. ಈಗ ಎಂಜಿನ್ ಇದೆ, ಆದರೆ ಕೆಲಸದ ಕ್ರಮ ಬದಲಾಗಿಲ್ಲ. ಮುಂದೆ ತಿರುಗುವ ರೀಲು ಬೆಳೆಯನ್ನು ಬಾಗಿಸಿ ಕಟರ್ ಬಾರಿಗೆ ಕೊಡುತ್ತದೆ. ಕೊಯ್ದದ್ದು ಒಳಗೆ ಹೋಗಿ ಡ್ರಮ್ಮಿಗೂ ಅದರ ಕೆಳಗಿನ ಕಮಾನು ಜಾಲರಿಗೂ ನಡುವೆ ಸಿಕ್ಕಿ ಉದುರುತ್ತದೆ. ಬಡಿದ ಹುಲ್ಲಿನೊಳಗೆ ಸಿಕ್ಕಿಕೊಂಡ ಕಾಳನ್ನು ಕೊಡವಿ ಬೇರ್ಪಡಿಸುವ ಭಾಗ ಅದರ ಹಿಂದೆ. ಕೆಳಗೆ ಜರಡಿಗಳು, ಅವುಗಳ ಮೇಲೆ ಫ್ಯಾನಿನ ಗಾಳಿ. ತೂರುವ ಕೆಲಸ ಅಲ್ಲಿ. ಅಜ್ಜ ಗಾಳಿ ಬರುವವರೆಗೆ ಮೊರ ಹಿಡಿದು ಕಾಯುತ್ತಿದ್ದ. ಗಾಳಿ ಜೋರಾದರೆ ಕಾಳೂ ಹೊಟ್ಟಿನ ಜೊತೆ ಹಾರುತ್ತದೆಂದು ಮೊರವನ್ನು ತಗ್ಗಿಸುತ್ತಿದ್ದ. ಮಷಿನ್‌ನಲ್ಲಿ ಆ ಮೊರ ತಗ್ಗಿಸುವ ಕೈ ಡ್ರೈವರನದು, ಅವನು ಮನಸ್ಸು ಮಾಡಿದರೆ ಮಾತ್ರ.

ಈ ಪ್ರತಿ ಹಂತದಲ್ಲೂ ಕಾಳು ತಪ್ಪಿಸಿಕೊಳ್ಳಬಹುದು. ಆದ್ದರಿಂದ ನೆಲದ ಮೇಲೆ ಬಿದ್ದ ಕಾಳೆಲ್ಲ ಒಂದೇ ಲೆಕ್ಕವಲ್ಲ. ಮಷಿನ್ ಬರುವ ಮೊದಲೇ ಗಾಳಿಗೆ, ಹಕ್ಕಿಗೆ, ಅತಿಯಾಗಿ ಬಲಿತದ್ದಕ್ಕೆ ಉದುರಿದ ಕಾಳು ಇರುತ್ತದೆ. ಅದರ ಪಾಪವನ್ನು ಮಷಿನ್ ತಲೆಗೆ ಕಟ್ಟಬಾರದು. ಹಾಗಾಗಿ ಮೊದಲ ಎಣಿಕೆ ಇನ್ನೂ ನಿಂತಿರುವ ಬೆಳೆಯ ಬುಡದಲ್ಲಿ. ಎರಡನೆಯದು ಸ್ವಲ್ಪ ಯುಕ್ತಿಯ ಕೆಲಸ. ಮಷಿನ್ ಸರಿಯಾದ ವೇಗದಲ್ಲಿ ಕೊಯ್ಯುತ್ತಿರುವಾಗ ಮಡಿಯ ನಡುವೆ ಒಮ್ಮೆಲೇ ನಿಲ್ಲಿಸಿ, ತನ್ನ ಉದ್ದದಷ್ಟು ಹಿಂದಕ್ಕೆ ಸರಿಸಬೇಕು. ಆಗ ಕೊಯ್ದ ಕೂಳೆ ಇದ್ದು, ಹಿಂದಿನಿಂದ ಹುಲ್ಲು ಇನ್ನೂ ಬಿದ್ದಿರದ ಒಂದು ಪಟ್ಟಿ ಕಣ್ಣೆದುರು ಬರುತ್ತದೆ. ಅಲ್ಲಿರುವ ಕಾಳಲ್ಲಿ ಮೊದಲಿನ ಎಣಿಕೆ ಕಳೆದರೆ ಉಳಿದದ್ದು ಮುಂಭಾಗದ್ದು, ಅಂದರೆ ರೀಲು ಬಡಿದೋ, ಕಟರ್ ಬಾರಿನ ಬ್ಲೇಡ್ ಮೊಂಡಾಗಿಯೋ ಉದುರಿಸಿದ್ದು. ಮೂರನೇ ಎಣಿಕೆ ಮಷಿನ್ ಹಿಂದೆ, ಹುಲ್ಲು ಬಿದ್ದ ಜಾಗದಲ್ಲಿ.

ಆ ಮೂರನೇ ಎಣಿಕೆಯಲ್ಲೇ ಹೆಚ್ಚಿನವರು ಎಡವುವುದು. ಏಳು ಅಡಿ ಅಗಲಕ್ಕೆ ಕೊಯ್ದ ಬೆಳೆಯ ಹುಲ್ಲೆಲ್ಲ ಹಿಂದೆ ಮೂರು ನಾಲ್ಕು ಅಡಿ ಪಟ್ಟಿಯಲ್ಲಿ ಬೀಳುತ್ತದೆ. ಆ ಪಟ್ಟಿಯ ನಡುವೆ ಮಾತ್ರ ಚೌಕಟ್ಟು ಇಟ್ಟರೆ ನಷ್ಟ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಡ್ರೈವರ್ ಮೇಲೆ ವಿನಾಕಾರಣ ರೇಗುತ್ತೇವೆ. ಪಟ್ಟಿಯ ಹೊರಗೆ ಇಟ್ಟರೆ ಏನೂ ಕಾಣುವುದಿಲ್ಲ, ಮಷಿನ್ ಚಿನ್ನದಂಥದು ಅನ್ನಿಸುತ್ತದೆ. ಎರಡೂ ತಪ್ಪು. ಕಟರ್ ಬಾರಿನ ಪೂರ್ತಿ ಅಗಲಕ್ಕೆ, ಈ ಕೊನೆಯಿಂದ ಆ ಕೊನೆಗೆ, ಚೌಕಟ್ಟನ್ನು ಒಂದರ ಪಕ್ಕ ಒಂದು ಇಡುತ್ತ ಹೋಗಿ ಸರಾಸರಿ ತೆಗೆಯಬೇಕು. ಏಳು ಅಡಿಗೆ ಏಳು ಸಲ, ಹದಿನಾಲ್ಕು ಅಡಿಗೆ ಹದಿನಾಲ್ಕು ಸಲ. ಹೀಗೆ ಮಡಿಯ ಎರಡು ಮೂರು ಕಡೆ ಮಾಡಬೇಕು. ಕಾಳನ್ನು ಉಗುರಲ್ಲಿ ಒತ್ತಿ ನೋಡಿ ಜೊಳ್ಳನ್ನು ಬಿಡಬೇಕು. ಜೊಳ್ಳು ಹಿಂದೆ ಹಾರಿದ್ದರೆ ಅದು ಮಷಿನ್ ಮಾಡಿದ ಉಪಕಾರ.

ಈಗ ಲೆಕ್ಕ. ನಮ್ಮ ಕಡೆ ಭತ್ತವನ್ನು ಮಾತಾಡುವುದು 75 ಕಿಲೋ ಚೀಲದಲ್ಲಿ. ಎಕರೆಗೆ 40 ಚೀಲ ಬಂತು ಅಂದುಕೊಳ್ಳಿ, ಅಂದರೆ 3,000 ಕಿಲೋ. ಒಂದು ಎಕರೆ ಎಂದರೆ 43,560 ಚದರ ಅಡಿ. ಒಂದು ಚದರ ಅಡಿಯಲ್ಲಿ ಬೆಳೆದದ್ದು 69 ಗ್ರಾಂನಷ್ಟು. ಅದರ ನೂರರಲ್ಲಿ ಒಂದು ಪಾಲು ಒಂದು ಗ್ರಾಮೂ ಆಗುವುದಿಲ್ಲ. ಸೋನಾ ಮಸೂರಿಯಂಥ ಸಣ್ಣ ಭತ್ತದ ಸಾವಿರ ಕಾಳು ಸುಮಾರು 15 ಗ್ರಾಂ ತೂಗುತ್ತದೆ. ಆ ಲೆಕ್ಕದಲ್ಲಿ ಚದರ ಅಡಿಗೆ 46 ಕಾಳು ಬಿದ್ದರೆ ಶೇ 1ರಷ್ಟು ನಷ್ಟ. ಸಾವಿರ ಕಾಳಿಗೆ 25 ಗ್ರಾಂ ತೂಗುವ ದಪ್ಪ ಭತ್ತವಾದರೆ 28 ಕಾಳಿಗೇ ಶೇ 1 ಆಗಿಬಿಡುತ್ತದೆ.

ಶೇ 1 ಅಂದರೆ ಕಿವಿಗೆ ಏನೂ ಅನ್ನಿಸುವುದಿಲ್ಲ. ಎಕರೆಗೆ ಅದು 30 ಕಿಲೋ. 2025-26ರ ಸಾಲಿಗೆ ಕೇಂದ್ರ ಘೋಷಿಸಿದ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ಆ 30 ಕಿಲೋ ಭತ್ತಕ್ಕೆ 711 ರೂಪಾಯಿ. ಈಗ ಇಬ್ಬರು ಡ್ರೈವರ್‌ಗಳನ್ನು ಊಹಿಸಿಕೊಳ್ಳಿ. ಒಬ್ಬ ಎಕರೆಯನ್ನು ಒಂದು ಗಂಟೆಯಲ್ಲಿ ಕೊಯ್ದು ಶೇ 1 ಚೆಲ್ಲುತ್ತಾನೆ. ಇನ್ನೊಬ್ಬ ಮುಕ್ಕಾಲು ಗಂಟೆಯಲ್ಲಿ ಮುಗಿಸಿ ಶೇ 3 ಚೆಲ್ಲುತ್ತಾನೆ. ಬಾಡಿಗೆ ಗಂಟೆಗೆ 2,400 ರೂಪಾಯಿ ಎಂದಿಟ್ಟುಕೊಂಡರೆ ಎರಡನೆಯವನಿಂದ ಉಳಿದದ್ದು 600 ರೂಪಾಯಿ. ನೆಲಕ್ಕೆ ಹೋದ ಹೆಚ್ಚುವರಿ 60 ಕಿಲೋ ಭತ್ತದ ಬೆಲೆ 1,421 ರೂಪಾಯಿ. ಎಕರೆಗೆ 821 ರೂಪಾಯಿ ಕೈಬಿಟ್ಟು, ಬೇಗ ಮುಗಿಯಿತಲ್ಲ ಎಂದು ಖುಷಿಪಟ್ಟು ಮನೆಗೆ ಬರುತ್ತೇವೆ. ಬಾಡಿಗೆಯಲ್ಲಿ ನೂರು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡುವ ನಾವು ಈ ಎಂಟುನೂರನ್ನು ನೋಡುವುದೇ ಇಲ್ಲ. ನನಗೆ ಸಂಕಟವಾಗುವುದು ಇಲ್ಲಿ. ಬೀಜ, ಗೊಬ್ಬರ, ನಾಟಿ, ಕಳೆ, ಔಷಧಿ, ನೀರು, ಎಲ್ಲದಕ್ಕೂ ದುಡ್ಡು ಕೊಟ್ಟು ಬೆಳೆದ ಕಾಳು ಅದು. ನೆಲಕ್ಕೆ ಬೀಳುವ ಹೊತ್ತಿಗೆ ಅದರ ಮೇಲಿನ ಖರ್ಚೆಲ್ಲ ಮುಗಿದಿರುತ್ತದೆ.

ನಷ್ಟ ಎಷ್ಟು ಎಂಬುದಕ್ಕಿಂತ ಎಲ್ಲಿಂದ ಎಂಬುದು ಇನ್ನೂ ಮುಖ್ಯ. ಇಲ್ಲಿ ಮಡಿಯೇ ವೈದ್ಯನಂತೆ ಮಾತಾಡುತ್ತದೆ. ಹಿಂದೆ ಬಿದ್ದ ಹುಲ್ಲಿನಲ್ಲಿ ತೆನೆಯಿಂದ ಬಿಡದ ಕಾಳು ಕಂಡರೆ ಡ್ರಮ್ ನಿಧಾನವಾಗಿದೆ ಅಥವಾ ಜಾಲರಿ ದೂರವಾಗಿದೆ, ಇಲ್ಲವೇ ಮುಂಜಾನೆ ಮಂಜಿನ ತೇವ ಆರುವ ಮೊದಲೇ ಮಷಿನ್ ಇಳಿಸಿದ್ದಾರೆ. ಬಿಡಿಕಾಳು ಹುಲ್ಲಿನ ಒಳಗೇ ಸಿಕ್ಕಿಕೊಂಡಿದ್ದರೆ ಕೊಡವುವ ಭಾಗಕ್ಕೆ ಹೊರೆ ಹೆಚ್ಚಾಗಿದೆ, ವೇಗ ತಗ್ಗಿಸಬೇಕು. ಹುಲ್ಲಿನ ಕೆಳಗೆ ಸಣ್ಣ ಹೊಟ್ಟಿನ ಜೊತೆ ಕಾಳು ಹರಡಿದ್ದರೆ ಅದು ಫ್ಯಾನಿನ ಅಥವಾ ಜರಡಿಯ ದೋಷ. ಮಷಿನ್ ಮೇಲಿನ ಭತ್ತ ತುಂಬುವ ಟ್ಯಾಂಕಿನಿಂದ ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿ ನೋಡಿದರೆ ಉಳಿದ ಕಥೆ ಗೊತ್ತಾಗುತ್ತದೆ. ಸಿಪ್ಪೆ ಸುಲಿದು ಅಕ್ಕಿ ಇಣುಕುವ ಕಾಳು, ಮುರಿದ ಕಾಳು ಹೆಚ್ಚಿದ್ದರೆ ಡ್ರಮ್ ಅತಿ ವೇಗವಾಗಿ ಓಡುತ್ತಿದೆ. ಇದು ಹೊಲದಲ್ಲಿ ಕಾಣದೆ ರೈಸ್ ಮಿಲ್ಲಿನಲ್ಲಿ ನುಚ್ಚಾಗಿ ಕಾಣುವ ನಷ್ಟ. ಟ್ಯಾಂಕಿನಲ್ಲಿ ಕಸಕಡ್ಡಿ ಜಾಸ್ತಿ ಇದ್ದರೆ ಗಾಳಿ ಸಾಲದು.

ಇವೆಲ್ಲ ಒಂದಕ್ಕೊಂದು ತಳಕು ಹಾಕಿಕೊಂಡಿವೆ ಎಂಬುದೇ ಕಷ್ಟ. ಭತ್ತ ಸ್ವಚ್ಛವಾಗಿ ಬರಲಿ ಎಂದು ಗಾಳಿ ಏರಿಸಿದರೆ ಗಟ್ಟಿ ಕಾಳೂ ಹಿಂದಕ್ಕೆ ಹಾರುತ್ತದೆ. ಒಂದು ತೆನೆಯೂ ಉಳಿಯದಂತೆ ಬಡಿಯಲಿ ಎಂದು ಡ್ರಮ್ ಏರಿಸಿದರೆ ಕಾಳು ಮುರಿಯುತ್ತದೆ, ಹುಲ್ಲು ಪುಡಿಯಾಗಿ ಜರಡಿ ತುಂಬಿಕೊಳ್ಳುತ್ತದೆ. ಕಾಕಾನ ಮಡಿಯಲ್ಲಿ ನಾವು ಕಂಡ ಕಾಳೆಲ್ಲ ಹೊಟ್ಟಿನ ಜೊತೆಗೇ ಇತ್ತು. ಡ್ರೈವರ್ ಹುಡುಗನಿಗೆ ಕನ್ನಡ ಅಷ್ಟಕ್ಕಷ್ಟೇ. ಅವನನ್ನು ಕರೆದು ಕೂರಿಸಿ ನೆಲ ತೋರಿಸಿದೆ. ಅವನು ಒಂದು ಮಾತೂ ಆಡದೆ ಹೋಗಿ, ಪಕ್ಕದ ಮುಚ್ಚಳ ತೆಗೆದು ಫ್ಯಾನಿಗೆ ಗಾಳಿ ಹೋಗುವ ಬಾಯನ್ನು ಸ್ವಲ್ಪ ಮುಚ್ಚಿ ಬಂದ. ಎರಡು ನಿಮಿಷದ ಕೆಲಸ. ಮುಂದಿನ ಸುತ್ತಿನಲ್ಲಿ ಚೌಕಟ್ಟು ಇಟ್ಟಾಗ ಕಾಕಾನ ಎಣಿಕೆ ಮೊದಲಿನಷ್ಟು ದೂರ ಹೋಗಲಿಲ್ಲ. ಆ ಹುಡುಗನಿಗೆ ಕೆಲಸ ಚೆನ್ನಾಗಿ ಗೊತ್ತಿತ್ತು. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ಅಷ್ಟೇ.

ವೇಗದ ವಿಷಯಕ್ಕೆ ಬರೋಣ. ಕಂಬೈನ್ ಹಾರ್ವೆಸ್ಟರ್‌ಗಳನ್ನು ಅಂದರೆ ಇಂಥ ಕಟಾವು ಮಷಿನ್‌ಗಳನ್ನು ಹೊಲದಲ್ಲಿ ಪರೀಕ್ಷಿಸುವುದನ್ನು ಒಂದು ಶಾಸ್ತ್ರದಂತೆ ಬೆಳೆಸಿದವರಲ್ಲಿ ಕೆನಡಾದ ಪ್ರೇರಿ ಅಗ್ರಿಕಲ್ಚರಲ್ ಮಷಿನರಿ ಇನ್‌ಸ್ಟಿಟ್ಯೂಟ್ ಮುಖ್ಯವಾದುದು. 1975ರಲ್ಲಿ ಸಸ್ಕಾಚೆವಾನ್ ಪ್ರಾಂತ್ಯದ ಹಂಬೋಲ್ಟ್ ಎಂಬ ಊರಿನಲ್ಲಿ ಶುರುವಾದ ಸಂಸ್ಥೆ ಅದು. ಗೋಧಿ ಬೆಳೆಯುವ ಆ ಬಯಲಿನ ರೈತರು ಕಂಪನಿಗಳ ಜಾಹೀರಾತನ್ನು ಮಾತ್ರ ನಂಬಿ ದುಡ್ಡು ಹಾಕುವ ಸ್ಥಿತಿಯಿಂದ ಪಾರಾಗಲೆಂದು ಸಂಸ್ಥೆಯವರು ಯಂತ್ರಗಳನ್ನು ಹೊಲದಲ್ಲಿ ಓಡಿಸಿ, ಅಳೆದು, ವರದಿ ಪ್ರಕಟಿಸುತ್ತಿದ್ದರು. ಅವರು ಕೇಳಿಕೊಂಡ ಪ್ರಶ್ನೆ ಬಹಳ ಚೆನ್ನಾಗಿದೆ. ಈ ಮಷಿನ್ ಗಂಟೆಗೆ ಗರಿಷ್ಠ ಎಷ್ಟು ಕೊಯ್ಯುತ್ತದೆ ಎಂದಲ್ಲ, ನಷ್ಟ ಶೇ 3 ಮೀರದಂತೆ ಎಷ್ಟು ಕೊಯ್ಯುತ್ತದೆ ಎಂದು. ಅದೂ ಎಕರೆಯಲ್ಲಲ್ಲ, ಮಷಿನ್ ಒಳಗೆ ಹೋಗುವ ಹುಲ್ಲು ಹೊಟ್ಟಿನ ತೂಕದಲ್ಲಿ. ಯಾಕೆಂದರೆ ಮಷಿನ್ ಹೊಟ್ಟೆ ಕಟ್ಟುವುದು ಕಾಳಿನಿಂದ ಅಲ್ಲ, ಹುಲ್ಲಿನಿಂದ. ತೆಳ್ಳಗಿನ ಬೆಳೆಯಲ್ಲಿ ನಾಲ್ಕು ಎಕರೆ ಓಡಿದ ಮಷಿನ್ ದಟ್ಟ ಬೆಳೆಯಲ್ಲಿ ಎರಡಕ್ಕೇ ಉಸಿರು ಕಟ್ಟಬಹುದು.

ಅವರ ವರದಿಗಳಲ್ಲಿ ಒಂದು ರೇಖೆ ಇರುತ್ತಿತ್ತು. ಒಳಗೆ ಹೋಗುವ ಬೆಳೆ ಹೆಚ್ಚಿದಂತೆ ನಷ್ಟ ಹೇಗೆ ಏರುತ್ತದೆ ಎಂದು ತೋರಿಸುವ ರೇಖೆ. ಮೊದಲು ಬಹಳ ದೂರ ಚಪ್ಪಟೆಯಾಗಿ ಹೋಗುತ್ತದೆ, ಆಮೇಲೆ ಒಂದು ಕಡೆ ಒಮ್ಮೆಲೇ ಮೇಲಕ್ಕೆ ತಿರುಗುತ್ತದೆ. ಆ ತಿರುವಿನವರೆಗೆ ವೇಗ ಏರಿಸಿದರೆ ಏನೂ ಕೆಡುವುದಿಲ್ಲ. ತಿರುವು ದಾಟಿದ ಮೇಲೆ ಗೇರನ್ನು ಒಂದಿಷ್ಟು ಮುಂದಕ್ಕೆ ಒತ್ತಿದರೂ ನಷ್ಟ ಎರಡು ಪಟ್ಟು, ಮೂರು ಪಟ್ಟು. ಒಂದು ದೊಡ್ಡ ಕಂಬೈನ್‌ನ ಯೋಗ್ಯತೆ ಅಳೆಯುವುದೆಂದರೆ ಆ ತಿರುವು ಎಲ್ಲಿದೆ ಎಂದು ಹುಡುಕುವುದು. ಡ್ರೈವರ್ ಸೀಟಿನಲ್ಲಿ ಕೂತವನಿಗೆ ಅದು ಗೊತ್ತಾಗುವುದಿಲ್ಲ. ಎಂಜಿನ್ ಶಬ್ದ ಬದಲಾಗುವ ಬಹಳ ಮೊದಲೇ ಕಾಳು ಸುರಿಯಲು ಶುರುವಾಗಿರುತ್ತದೆ. ವಿದೇಶದ ದೊಡ್ಡ ಮಷಿನ್‌ಗಳಲ್ಲಿ ಹಿಂದಿನ ಜರಡಿಯ ತುದಿಗೆ ಕಾಳು ಬಡಿದ ಸದ್ದನ್ನು ಎಣಿಸುವ ಸೆನ್ಸರ್ ಇರುತ್ತದೆ. ಅದೂ ಹೆಚ್ಚಾಯಿತು, ಕಡಿಮೆಯಾಯಿತು ಎಂದಷ್ಟೇ ಹೇಳಬಲ್ಲುದು. ಅದು ತೋರಿಸುವ ಗೆರೆ ಎಷ್ಟು ಕಿಲೋಗೆ ಸಮ ಎಂದು ತಿಳಿಯಲು ಯಾರಾದರೂ ಇಳಿದು ನೆಲದ ಮೇಲೆ ಎಣಿಸಲೇಬೇಕು.

ಕೆನಡಾದವರ ಇನ್ನೊಂದು ಪದ್ಧತಿಯೂ ನನಗೆ ಇಷ್ಟ. ಪರೀಕ್ಷೆಯ ಮಷಿನ್ ಜೊತೆಗೆ ಒಂದು ಹಳೆಯ, ಎಲ್ಲರಿಗೂ ಪರಿಚಯದ ಮಷಿನನ್ನು ಅದೇ ಹೊಲದಲ್ಲಿ, ಅದೇ ದಿನ ಓಡಿಸುತ್ತಿದ್ದರು. ಬೆಳೆಯ ಗುಣ ದಿನದಿಂದ ದಿನಕ್ಕೆ, ಬೆಳಗ್ಗೆಯಿಂದ ಸಂಜೆಗೆ ಬದಲಾಗುತ್ತದೆ. ಹೋದ ವರ್ಷ ಒಣ ಬೆಳೆಯಲ್ಲಿ ಓಡಿದ ಮಷಿನನ್ನು ಈ ವರ್ಷ ಹಸಿ ಬೆಳೆಯಲ್ಲಿ ಓಡಿದ್ದರ ಜೊತೆ ಹೋಲಿಸಿದರೆ ನ್ಯಾಯವಾಗುವುದಿಲ್ಲ. ನಮ್ಮೂರಲ್ಲಿ "ಆ ಕಂಪನಿ ಮಷಿನ್ ಚಲೋ, ಈ ಕಂಪನಿದು ಚಲೋ ಅಲ್ಲ" ಎಂದು ನಡೆಯುವ ವಾದಗಳಲ್ಲಿ ಅರ್ಧಕ್ಕರ್ಧ ಬೇರೆ ಬೇರೆ ಮಡಿಯ, ಬೇರೆ ಬೇರೆ ದಿನದ ಮಾತುಗಳೇ.

ಜಗತ್ತಿನ ಗಮನ ಸೆಳೆಯುವುದು ಮಾತ್ರ ದಾಖಲೆಗಳು. 2014ರ ಆಗಸ್ಟ್ 15ರಂದು ಇಂಗ್ಲೆಂಡಿನ ಲಿಂಕನ್‌ಷೈರ್‌ನ ರಾಗ್ಬಿ ಬಳಿ ನ್ಯೂ ಹಾಲೆಂಡ್ ಕಂಪನಿಯ ಸಿಆರ್10.90 ಮಷಿನ್ ಎಂಟು ಗಂಟೆಯಲ್ಲಿ 797.656 ಟನ್ ಗೋಧಿ ಕೊಯ್ದು ಗಿನ್ನೆಸ್ ಪುಸ್ತಕ ಸೇರಿತು. ಗಂಟೆಗೆ ನೂರು ಟನ್‌ಗೆ ಹತ್ತಿರ. ನಮ್ಮ ಚೀಲದ ಲೆಕ್ಕದಲ್ಲಿ ಹತ್ತು ಸಾವಿರ ಚೀಲ ದಾಟುತ್ತದೆ. ಎಂಜಿನಿಯರಿಂಗ್ ಸಾಧನೆಯಾಗಿ ಅದಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅಲ್ಲಿ ಹೊಲಗಳನ್ನು ಆರಿಸಿಕೊಂಡಿದ್ದರು, ಟ್ರ್ಯಾಲಿಗಳು ಪಕ್ಕದಲ್ಲೇ ಓಡುತ್ತಿದ್ದವು, ಟ್ಯಾಂಕ್ ಖಾಲಿ ಮಾಡಲೂ ಮಷಿನ್ ನಿಲ್ಲಬೇಕಿರಲಿಲ್ಲ. ಅರ್ಧ ಎಕರೆ, ಮುಕ್ಕಾಲು ಎಕರೆ ಮಡಿಗಳ ನಡುವೆ ಬದು ಹತ್ತಿ ಇಳಿಯುವ ನಮ್ಮ ಕಡೆ ಅದರಿಂದ ತಿಳಿದುಕೊಳ್ಳುವುದಕ್ಕೆ ಹೆಚ್ಚೇನಿಲ್ಲ.

ನಮಗೆ ಬೇಕಾದ ಲೆಕ್ಕ ಬೇರೆ. ಹದಿನಾಲ್ಕು ಅಡಿ ಕಟರ್ ಬಾರಿನ ಟೈರ್ ಮಷಿನ್ ಗಂಟೆಗೆ ಮೂರು ಕಿಲೋಮೀಟರ್ ವೇಗದಲ್ಲಿ ಒಂದು ಕ್ಷಣವೂ ನಿಲ್ಲದೆ ಓಡಿದರೆ ಮೂರು ಎಕರೆಗೆ ಮೇಲೆ ಕೊಯ್ಯುತ್ತದೆ. ಕಾಗದದ ಮೇಲೆ. ಹೊಲದಲ್ಲಿ ಅದು ತಿರುಗಬೇಕು, ಟ್ಯಾಂಕ್ ಖಾಲಿ ಮಾಡಬೇಕು, ಟ್ರ್ಯಾಲಿ ಬರುವವರೆಗೆ ಕಾಯಬೇಕು, ಹಸಿ ಹುಲ್ಲು ಸುತ್ತಿಕೊಂಡಾಗ ಇಳಿದು ಬಿಡಿಸಬೇಕು. ನಿಜವಾಗಿ ಕೊಯ್ದ ಹೊತ್ತು ಮತ್ತು ಒಟ್ಟು ಹೊತ್ತಿನ ನಡುವಿನ ಈ ಪ್ರಮಾಣಕ್ಕೆ ಕ್ಷೇತ್ರ ದಕ್ಷತೆ ಎನ್ನುತ್ತಾರೆ. ಅಮೆರಿಕದ ಕೃಷಿ ಎಂಜಿನಿಯರುಗಳ ಸಂಘದ ಕೋಷ್ಟಕದಲ್ಲಿ ಕಂಬೈನ್‌ಗಳಿಗೆ ಇದು ಶೇ 65ರಿಂದ 80, ಸಾಮಾನ್ಯವಾಗಿ 70. ಹಾಗೆ ಹಿಡಿದರೆ ಟೈರ್ ಮಷಿನ್‌ಗೆ ಗಂಟೆಗೆ ಎರಡು ಎಕರೆ ಚಿಲ್ಲರೆ, ಎರಡು ಮೀಟರ್ ಅಗಲದ ಚೈನ್ ಮಷಿನ್‌ಗೆ ಒಂದು ಎಕರೆ ಚಿಲ್ಲರೆ. ಮಳೆಗೆ ಮಲಗಿದ ಭತ್ತವಾದರೆ ಈ ಲೆಕ್ಕವೂ ಮಲಗುತ್ತದೆ. ಆಗ ಒಂದೇ ದಿಕ್ಕಿನಿಂದ, ತೆನೆ ಬಾಗಿದ ಕಡೆಯನ್ನು ನೋಡಿಕೊಂಡು ಕೊಯ್ಯಬೇಕು, ಪ್ರತಿ ಸಾಲಿಗೂ ಖಾಲಿ ವಾಪಸಾಗಬೇಕು.

ಉಳಿದ ಶೇ 30 ಎಲ್ಲಿ ಹೋಗುತ್ತದೆ ಎಂದು ತಿಳಿಯಬೇಕಾದರೆ ಬದುವಿನ ಮೇಲೆ ಕುಳಿತು ಫೋನಿನ ಸ್ಟಾಪ್‌ವಾಚ್ ಒತ್ತಿ ಒಂದು ಗಂಟೆ ಬರೆದುಕೊಂಡರೆ ಸಾಕು. ಅದರಲ್ಲಿ ಬಹುಪಾಲು ಮಷಿನ್ ತಪ್ಪಲ್ಲ ಎಂಬುದು ನಾಚಿಕೆಯಾಗುವಷ್ಟು ಸ್ಪಷ್ಟವಾಗಿ ಕಾಣುತ್ತದೆ. ಟ್ರ್ಯಾಲಿ ತಡವಾಗಿ ಬಂದದ್ದು ನಮ್ಮದು. ಮೂಲೆಗಳನ್ನು ಮೊದಲೇ ಕುಡುಗೋಲಿನಿಂದ ಕೊಯ್ದು ಜಾಗ ಮಾಡಿಕೊಡದೆ ಮಷಿನ್ ಹಿಂದೆ ಮುಂದೆ ಒದ್ದಾಡಿದ್ದೂ ನಮ್ಮದೇ. ಮಡಿಯ ಉದ್ದಕ್ಕೆ ಕೊಯ್ಯಿಸುವ ಬದಲು ಅಡ್ಡಕ್ಕೆ ಕೊಯ್ಯಿಸಿದರೆ ತಿರುವುಗಳೇ ಎರಡು ಪಟ್ಟು.

ಬಾಡಿಗೆಯ ಕ್ರಮವೂ ಡ್ರೈವರನ ಕಾಲಿನ ಕೆಳಗಿನ ವೇಗವನ್ನು ನಿರ್ಧರಿಸುತ್ತದೆ. ಎಕರೆ ಲೆಕ್ಕಕ್ಕೆ ಒಪ್ಪಿಕೊಂಡರೆ ಅವನಿಗೆ ಅವಸರ, ನಷ್ಟದ ರೇಖೆಯ ತಿರುವು ದಾಟಿ ಓಡಿಸುತ್ತಾನೆ. ಗಂಟೆ ಲೆಕ್ಕವಾದರೆ ನಿಧಾನಿಸುತ್ತಾನೆ ಎಂಬ ಅನುಮಾನ ನಮಗೆ, ಹಾಗಾಗಿ "ಜೋರು ಬಿಡಪಾ" ಎಂದು ನಾವೇ ಕೂಗುತ್ತೇವೆ. ಎರಡರಲ್ಲೂ ಸೋಲುವುದು ಮಡಿಯ ಯಜಮಾನನೇ. ಗಂಟೆ ಲೆಕ್ಕಕ್ಕೆ ಒಪ್ಪಿ, ಮೊದಲ ಸುತ್ತಿನಲ್ಲಿ ಎಣಿಸಿ, ಈ ಗೇರಿನಲ್ಲಿ ಓಡಿಸು ಎಂದು ಡ್ರೈವರನ ಜೊತೆ ಮಾತಾಡಿಕೊಳ್ಳುವುದು ನಾನು ಕಂಡುಕೊಂಡ ದಾರಿ. ಹತ್ತು ನಿಮಿಷ ಹೋಗುತ್ತದೆ. ಹೋಗಲಿ.

ಹಾಗಾದರೆ ಸರ್ಕಾರದ ಪರೀಕ್ಷೆ ಇಲ್ಲವೇ? ಇದೆ. ಮಧ್ಯಪ್ರದೇಶದ ಬುಧ್ನಿಯಲ್ಲಿ, ಹರಿಯಾಣದ ಹಿಸಾರ್‌ನಲ್ಲಿ ಕೇಂದ್ರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಗಳಿವೆ. ದಕ್ಷಿಣದ ಸಂಸ್ಥೆ ನಮಗೆ ಹತ್ತಿರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ, ಬಳ್ಳಾರಿಯಿಂದ ಒಂದು ಬೆಳಗಿನ ದಾರಿ. ಕಂಬೈನ್ ಪರೀಕ್ಷೆಗೆಂದೇ ಭಾರತೀಯ ಮಾನಕ ಐಎಸ್ 8122 ಇದೆ, ಅಂತರರಾಷ್ಟ್ರೀಯವಾಗಿ ಐಎಸ್ಒ 8210 ಇದೆ. ಪರೀಕ್ಷಕರು ಮಷಿನ್ ಹಿಂದೆ ತಾಡಪತ್ರಿ ಹಾಸಿ, ಬೀಳುವ ಹುಲ್ಲು ಹೊಟ್ಟನ್ನೆಲ್ಲ ಹಿಡಿದು, ಮತ್ತೆ ಬಡಿದು, ಕಾಳನ್ನು ತೂಗುತ್ತಾರೆ. ನಾವು ತಂತಿಯ ಚೌಕಟ್ಟಿನಲ್ಲಿ ಮಾಡುವುದರ ಶುದ್ಧ ರೂಪ ಅದು. ಡೀಸೆಲ್, ಶಬ್ದ, ಕಂಪನ, ಬ್ರೇಕ್, ಸವೆತ ಎಲ್ಲವೂ ವರದಿಯಲ್ಲಿರುತ್ತದೆ. ಕೃಷಿ ಯಂತ್ರಧಾರೆ ಕೇಂದ್ರಕ್ಕೋ, ಹಾರ್ವೆಸ್ಟರ್ ಹಬ್‌ಗೋ ಲಕ್ಷಾಂತರ ರೂಪಾಯಿ ಕೊಟ್ಟು ಮಷಿನ್ ಕೊಳ್ಳುವವರು ಆ ವರದಿ ಓದದೆ ಮುಂದುವರಿಯಬಾರದು. ಆದರೆ ವರದಿ ಹೊಸ ಮಷಿನ್‌ದು, ನುರಿತ ಕೈಯದು, ಆ ದಿನದ ಬೆಳೆಯದು. ಏಳು ಹಂಗಾಮು ದುಡಿದು, ಬ್ಲೇಡ್ ಸವೆದು, ಜರಡಿ ಸೊಟ್ಟಗಾಗಿ, ಸಾವಿರ ಕಿಲೋಮೀಟರ್ ಲಾರಿಯಲ್ಲಿ ಕುಲುಕಿ ನಮ್ಮ ಬದುವಿಗೆ ಬಂದು ನಿಂತ ಮಷಿನ್ ಬಗ್ಗೆ ಅದು ಏನನ್ನೂ ಹೇಳಲಾರದು.

ನೆಲಕ್ಕೂ ಒಂದು ಮಾತಿದೆ. ಹದಿನಾಲ್ಕು ಅಡಿ ಟೈರ್ ಮಷಿನ್ ತೂಕ ಎಂಟು ಟನ್ ಆಸುಪಾಸು. ಟ್ಯಾಂಕಿನ ಭತ್ತ ಬೇರೆ. ಅದು ಹಸಿ ಎರೆಯಲ್ಲಿ ಇಳಿದರೆ ಮೊಣಕಾಲುದ್ದ ಗಾಲಿ ಗುರುತು ಬೀಳುತ್ತದೆ, ಅದನ್ನು ಮಟ್ಟ ಮಾಡಲು ಮುಂದಿನ ಬೆಳೆಗೆ ಬೇರೆ ಖರ್ಚು. ಸುಮಾರು ಮೂರು ಟನ್ ತೂಗುವ, ರಬ್ಬರ್ ಪಟ್ಟಿಯ ಮೇಲೆ ಭಾರ ಹಂಚಿಕೊಂಡು ನಡೆಯುವ ಚೈನ್ ಮಷಿನ್ ತುಂಗಭದ್ರೆಯ ಕೆಳಗೆ ಇಷ್ಟು ಬೇಗ ಮನೆಮಾತಾದದ್ದು ಇದಕ್ಕಾಗಿಯೇ. ಹತ್ತು ಹದಿನೈದು ದಿನ ಮೊದಲೇ ನೀರು ಬಸಿದು ಮಡಿ ಒಣಗಿಸಿದ್ದರೆ ದೊಡ್ಡ ಮಷಿನ್‌ಗೂ ಅಡ್ಡಿಯಿಲ್ಲ. ಹಾಗೆಂದು ಕಾಳು ಪೂರ್ತಿ ಒಣಗುವವರೆಗೆ ಕಾಯಬಾರದು. ಕಾಳಿನ ತೇವ ಶೇ 20ರಿಂದ 24 ಇರುವಾಗ ಕೊಯ್ಯುವುದು ಒಳ್ಳೆಯದು. ಖರೀದಿ ಕೇಂದ್ರದವರು ಶೇ 17ಕ್ಕಿಂತ ಹೆಚ್ಚು ತೇವವಿದ್ದರೆ ಒಪ್ಪುವುದಿಲ್ಲ. ಆ ವ್ಯತ್ಯಾಸವನ್ನು ಆರಿಸಲೆಂದೇ ರಸ್ತೆಯ ಅರ್ಧ ಭಾಗ ಭತ್ತದಿಂದ ತುಂಬಿರುವುದು.

ಬೆಳೆಯೂ ಮಷಿನ್‌ಗೆ ಹೊಂದಬೇಕಾಗುತ್ತದೆ. ಕಲಬುರಗಿ ಕಡೆಯ ಕಡಲೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಎಲ್ಲರೂ ಬೆಳೆಯುವ ಜೆಜಿ-11 ಗಿಡ್ಡ ತಳಿ, ಕಾಯಿ ನೆಲಕ್ಕೆ ಹತ್ತಿರ. ಕಟರ್ ಬಾರನ್ನು ಅಷ್ಟು ತಗ್ಗಿಸಿದರೆ ಮಣ್ಣುಹೆಂಟೆ ಒಳಗೆ ಹೋಗುತ್ತದೆ, ಎತ್ತಿದರೆ ಕೆಳಗಿನ ಕಾಯಿ ಹೊಲದಲ್ಲೇ ಉಳಿಯುತ್ತದೆ. ಎಂಥ ಒಳ್ಳೆಯ ಮಷಿನ್ ತಂದರೂ ಅಲ್ಲಿ ಅದಕ್ಕೆ ಕೆಟ್ಟ ಹೆಸರೇ. ನೆಟ್ಟಗೆ ಎತ್ತರ ಬೆಳೆದು ಮೇಲೆ ಕಾಯಿ ಕಟ್ಟುವ ಜಿಬಿಎಂ-2, ಆಂಧ್ರದ ಎನ್‌ಬಿಇಜಿ-47 ತಳಿಗಳನ್ನು ಹೊರತಂದದ್ದು ಈ ತೊಡಕು ಬಿಡಿಸಲು.

ಮಷಿನ್ ಬಂದು ಇಲ್ಲವಾದದ್ದರಲ್ಲಿ ಹಕ್ಕಲು ಒಂದು. ಕೈಕೊಯ್ಲಿನ ಕಾಲದಲ್ಲಿ ಸಿವುಡು ಎತ್ತಿದ ಮೇಲೆ ಬಡ ಹೆಣ್ಣುಮಕ್ಕಳು ಬಂದು ಬಿದ್ದ ತೆನೆ ಆಯುತ್ತಿದ್ದರು. ಯಾರೂ ಬೇಡವೆನ್ನುತ್ತಿರಲಿಲ್ಲ. ನಮ್ಮ ಮನೆಯ ಪಕ್ಕದ ಆಯಿಯೊಬ್ಬಳು ಹಕ್ಕಲು ಆಯ್ದೇ ಸಂಕ್ರಾಂತಿಯ ಅಕ್ಕಿ ಮಾಡಿಕೊಳ್ಳುತ್ತಿದ್ದಳು. ಈಗ ಬೀಳುವುದು ತೆನೆಯಲ್ಲ, ಬಿಡಿಕಾಳು. ಹೊಟ್ಟಿನಡಿ ಮಣ್ಣಿಗೆ ಅಂಟಿದ ಒಂದೊಂದು ಕಾಳನ್ನು ಯಾವ ಕೈ ಆಯ್ದೀತು? ಚೆಲ್ಲುವುದು ನಿಂತಿಲ್ಲ, ಆದರೆ ಅದು ಯಾರ ಮಡಿಲಿಗೂ ಬೀಳುತ್ತಿಲ್ಲ. ಕೆಲವು ಕಡೆ ಬಾತುಕೋಳಿ ಮೇಯಿಸುವವರು ಹಿಂಡು ಇಳಿಸುತ್ತಾರೆ, ಅವು ಕೊಕ್ಕಿನಿಂದ ಕೆಸರು ಸೋಸಿ ಒಂದಷ್ಟು ತಿನ್ನುತ್ತವೆ. ಹುಲ್ಲಿನ ಕಥೆಯೂ ಹಾಗೇ. ಚೈನ್ ಮಷಿನ್‌ನ ಉದ್ದ ಡ್ರಮ್ಮಿನೊಳಗೆ ಸುತ್ತಿ ಬಂದ ಹುಲ್ಲು ನುಜ್ಜುಗುಜ್ಜಾಗಿರುತ್ತದೆ. ದನ ಕಟ್ಟಿದವರು ಮಷಿನ್ ಆರಿಸುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ, ಹಿಡಿಯುವುದು ಸರಿಯೇ.

ಆ ಸಂಜೆ ಕಳೆದು ಕೆಲವು ವಾರದ ಮೇಲೆ, ಎರಡನೇ ಬೆಳೆಗೆ ಕಾಲುವೆ ನೀರು ಬಿಟ್ಟ ನಂತರ, ಕಾಕಾ ಫೋನ್ ಮಾಡಿ ಬಾ ಎಂದರು. ಹೋದೆ. ಮಡಿಯಲ್ಲಿ ಚೆಲ್ಲಿದ ಭತ್ತ ಮೊಳೆತಿತ್ತು. ಸುತ್ತ ಕಪ್ಪು ಎರೆ, ಅದರ ಮೇಲೆ ಮಷಿನ್ ಹುಲ್ಲು ಬಿಟ್ಟುಹೋದ ದಾರಿಯುದ್ದಕ್ಕೂ ಹಚ್ಚಹಸಿರು ಪಟ್ಟೆಗಳು, ಮಡಿಯ ಈ ತುದಿಯಿಂದ ಆ ತುದಿಗೆ. ಮೊದಲ ಮೂರು ಸುತ್ತಿನ ಪಟ್ಟೆಗಳು ಒತ್ತಾಗಿ, ಸಸಿಮಡಿಯಂತೆ ದಟ್ಟವಾಗಿದ್ದವು. ನಾಲ್ಕನೆಯದರಿಂದ ಮುಂದಕ್ಕೆ ಅಲ್ಲೊಂದು ಇಲ್ಲೊಂದು ಮೊಳಕೆ. ಕಾಕಾ ಬದುವಿನ ಮೇಲೆ ನಿಂತು, ಡ್ರೈವರ್ ಹುಡುಗ ಫ್ಯಾನಿನ ಬಾಯಿ ಮುಚ್ಚಿದ್ದು ಎಲ್ಲಿ ಎಂದು ಕೈ ಮಾಡಿ ತೋರಿಸಿದರು.